ಪೂರ್ತಿ ಹೇಳಿದ ಸಿಸ್ಟರಮ್ಮ

ಅವರ ಎಡಗಿವಿಯ ಹಾಲೆ ಎರಡು ಸೀಳಾಗಿತ್ತು. ಓಲೆ ಹಾಕುವ ತೂತಿನಿಂದ ನೇರ ಕೆಳಕ್ಕೆ ಹರಿದು, ಹರಿದ ಹಾಗೆಯೇ ಒಣಗಿ, ಎರಡು ಸಣ್ಣ ಎಸಳುಗಳಂತೆ ಜೋತುಬಿದ್ದಿತ್ತು. ಬಲಗಿವಿಯಲ್ಲಿ ಮಾತ್ರ ಒಂದು ಚಿಕ್ಕ ಬಿಳಿ ಕಲ್ಲಿನ ಓಲೆ. ಬೇಕೆಂದಿದ್ದರೆ ಕೂದಲು ಇಳಿಬಿಟ್ಟು ಮುಚ್ಚಿಕೊಳ್ಳಬಹುದಿತ್ತು. ಅವರು ಕೂದಲನ್ನು ಬಿಗಿಯಾಗಿ ಹಿಂದಕ್ಕೆಳೆದು ಗಂಟು ಹಾಕುತ್ತಿದ್ದರು. ಸರಗಳ್ಳ ಕಿತ್ತಿದ್ದು ಎಂದು ಬೀದಿಯಲ್ಲಿ ಕೆಲವರು ಹೇಳುತ್ತಿದ್ದರು, ಗಂಡ ಕಿತ್ತಿದ್ದು ಎಂದು ಇನ್ನು ಕೆಲವರು. ಅವರಿಗೆ ಮದುವೆಯೇ ಆಗಿರಲಿಲ್ಲ.

ಹೂಟಗಳ್ಳಿಯಲ್ಲಿ ನಮ್ಮ ಮನೆಗೂ ಅವರ ಬಾಡಿಗೆ ಮನೆಗೂ ನಡುವೆ ಒಂದೇ ಗೋಡೆ. ಅಪ್ಪ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವರು ನಮ್ಮ ಕಡೆಯ ಆರೋಗ್ಯ ಕೇಂದ್ರದಲ್ಲಿ ಮಹಿಳಾ ಆರೋಗ್ಯ ಸಹಾಯಕಿ. ಬೀದಿಗೆಲ್ಲ ಸಿಸ್ಟರಮ್ಮ. ಹೆಗಲಿಗೊಂದು ನೀಲಿ ಚೀಲ ಹಾಕಿಕೊಂಡು, ಬಿಸಿಲಿಗೆ ಸೆರಗನ್ನು ತಲೆಯ ಮೇಲೆಳೆದು, ಲೇಔಟಿನ ಹೊಸ ಮನೆಗಳಿಗೂ ಹಳೆಯ ಊರಿನ ಓಣಿಗಳಿಗೂ ನಡೆದೇ ಹೋಗುತ್ತಿದ್ದರು. ಬಸುರಿಯರ ಪಟ್ಟಿ, ಲಸಿಕೆಯ ಪಟ್ಟಿ, ಕಾಪರ್-ಟಿ, ಮಾತ್ರೆ, ನಿರೋಧ್, ಎಲ್ಲವೂ ಆ ಚೀಲದಲ್ಲಿ.

ಅವರ ಹಿತ್ತಲಿನಲ್ಲಿ ಒಂದು ಕರಿಬೇವಿನ ಗಿಡವಿತ್ತು. ಹೆಂಗಸರು ಅವರನ್ನು ಏನಾದರೂ ಕೇಳಬೇಕಿದ್ದರೆ ಮುಂಬಾಗಿಲಿಗೆ ಹೋಗುತ್ತಿರಲಿಲ್ಲ. 'ಕರಿಬೇವು ತರ್ತೀನಿ' ಎಂದು ಮನೆಯಲ್ಲಿ ಹೇಳಿ ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. ಮಾತು ಮುಗಿದ ಮೇಲೆ ಸಿಸ್ಟರಮ್ಮ ಮರೆಯದೆ ಒಂದು ಎಸಳು ಮುರಿದು ಕೈಗೆ ಕೊಡುತ್ತಿದ್ದರು. ಬರಿಗೈಯಲ್ಲಿ ಹೋದರೆ ಅತ್ತೆ ಕೇಳಿಯಾಳು. ಆ ಗಿಡ ವರ್ಷವಿಡೀ ಬೋಳಾಗಿಯೇ ಇರುತ್ತಿತ್ತು.

ಗೋಡೆಯ ಈಚೆ ಬಟ್ಟೆ ಒಣಹಾಕುತ್ತಾ ನಾನು ಎಷ್ಟೋ ಮಾತು ಕೇಳಿಸಿಕೊಂಡಿದ್ದೇನೆ. ಬಂದವರು 'ಅಲ್ಲಿ', 'ಅದು', 'ಆ ಜಾಗ' ಎನ್ನುತ್ತಿದ್ದರು. ಅವರು ತಡೆಯುತ್ತಿದ್ದರು. "ಯಾವ ಜಾಗ? ಅದಕ್ಕೊಂದು ಎಸ್ರಿಲ್ವಾ? ಕೈಗೆ ಕೈ ಅಂತೀರಿ, ಕಾಲಿಗೆ ಕಾಲು ಅಂತೀರಿ. ಎಸ್ರು ಹೇಳ್ದೆ ಇದ್ರೆ ನೋವು ಎಲ್ಲಿ ಅಂತ ನಾ ಎಂಗೆ ತಿಳ್ಕೊಳ್ಳಿ?" ಆಮೇಲೆ ಗರ್ಭಕೋಶ, ಯೋನಿ, ಅಂಡಾಶಯ ಎಂದು ಒಂದೊಂದಾಗಿ ಹೇಳಿಸುತ್ತಿದ್ದರು, ಒಂದನೇ ತರಗತಿಯ ಮೇಷ್ಟರ ಹಾಗೆ. ಆ ಕಡೆಯಿಂದ ನಾಚಿಕೆಯ ನಗು ಕೇಳಿಸುತ್ತಿತ್ತು. ಕೆಲವೊಮ್ಮೆ ಅಳು.

ನನಗೆ ಹದಿನೈದು ತುಂಬಿದರೂ ಮುಟ್ಟಾಗಿರಲಿಲ್ಲ. ದೇವರಾಜ ಮೊಹಲ್ಲಾದಲ್ಲಿ ನಮ್ಮ ಸೋದರತ್ತೆಯ ಮನೆ, ಪೂಜಾ ಸಾಮಾನಿನ ಅಂಗಡಿಯ ಮೇಲೆಯೇ. ಮಠದ ಕಡೆಯ ಪರಿಚಯದವರೆಲ್ಲ ಅಲ್ಲಿಗೆ ಬಂದು ಹೋಗುವವರು. ಹೋದಾಗಲೆಲ್ಲ ಅತ್ತೆ ಅಮ್ಮನನ್ನು ಒಳಕ್ಕೆ ಕರೆದು ಅದೊಂದನ್ನೇ ಕೇಳುತ್ತಿದ್ದಳು. ಹೊರಗೆ ಬಂದು ನನ್ನ ಗಲ್ಲ ಹಿಡಿದು, "ಒಂದು ಮೊಡವೆ ಇಲ್ಲ ನೋಡಿ, ಏನು ಚರ್ಮ ಹುಡುಗೀದು," ಎನ್ನುತ್ತಿದ್ದಳು. ಆ ಚರ್ಮವೂ ಒಂದು ಲಕ್ಷಣ ಎಂದು ಆಗ ಯಾರಿಗೂ ತಿಳಿದಿರಲಿಲ್ಲ.

ಒಂದು ದಿನ ಅಮ್ಮ ನನ್ನನ್ನು ಶಾಲೆಗೆ ಕಳಿಸಲಿಲ್ಲ. ಬಾಗಿಲು ಹಾಕಿ ಹೇಳಿದಳು: "ಇವತ್ತಿಂದ ನೀನು ದೊಡ್ಡೋಳಾದೆ. ಯಾರ್ ಕೇಳಿದ್ರೂ ಹೂಂ ಅನ್ನು."

"ಆಗಿಲ್ವಲ್ಲಮ್ಮಾ."

"ಆಗತ್ತೆ. ಇವತ್ತಲ್ಲ ನಾಳೆ ಆಗತ್ತೆ. ಅಲ್ಲೀವರ್ಗೂ ಹೂಂ ಅನ್ನು."

ಒಸಗೆ ಮಾಡಿದರು. ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ, ಎಳ್ಳುಬೆಲ್ಲದ ಚಿಗಳಿ ತಿನ್ನಿಸಿದರು. ಬೀದಿಯ ಹೆಂಗಸರೆಲ್ಲ ಬಂದರು. ಸಿಸ್ಟರಮ್ಮನೂ ಡ್ಯೂಟಿ ಸೀರೆಯಲ್ಲೇ ಬಂದು ಹಿಂದೆ ನಿಂತಿದ್ದರು. ಅಮ್ಮ ಆರತಿಗೆ ಕರೆದಾಗ ಅತ್ತೆ ಅವರ ಜಾತಿ, ಬರಿಗೊರಳು ಎರಡನ್ನೂ ಕಣ್ಣಿನಲ್ಲೇ ಅಳೆದು ಮುಖ ತಿರುಗಿಸಿದಳು. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ. ಆರತಿ ಎತ್ತುವಾಗಲೂ ನನ್ನ ಮುಖವನ್ನೇ ನೋಡುತ್ತಿದ್ದರು.

ಮರುದಿನ ಗೋಡೆಯ ಹತ್ತಿರ ಕರೆದು ಕೇಳಿದರು. "ಹೊಟ್ಟೆ ನೋವೈತಾ ಮಗ?"

"ಹೂಂ."

"ಎಲ್ಲಿ?"

ನಾನು ಹೊಕ್ಕುಳಿನ ಮೇಲೆ, ಎದೆಗೂಡಿನ ಹತ್ತಿರ ಕೈಯಿಟ್ಟೆ. ಅವರು ಮತ್ತೇನೂ ಕೇಳಲಿಲ್ಲ. ಸಂಜೆ ನಮ್ಮ ಮನೆಗೆ ಬಂದು ಅಮ್ಮನಿಗೆ ತಗ್ಗಿದ ದನಿಯಲ್ಲಿ ಹೇಳಿದರು, "ಹದಿನಾರು ತುಂಬಿದ ಮೇಲೂ ಆಗ್ದೆ ಇದ್ರೆ ಡಾಕ್ಟ್ರಿಗೆ ತೋರಿಸ್ಬುಡಿ. ಮುಚ್ಚಿಟ್ರೆ ವಾಸಿಯಾಗಲ್ಲ."

"ಆಗಿದೆಯಲ್ಲ ಅವಳಿಗೆ. ನೀವೇ ಆರತಿ ಎತ್ತಿದ್ದೀರಿ," ಎಂದಳು ಅಮ್ಮ. ಬಾಗಿಲು ಹಾಕಿಕೊಂಡಳು.

ಅಲ್ಲಿಂದ ಮೂರು ವರ್ಷ ಅಮ್ಮ ಪ್ರತಿ ತಿಂಗಳೂ ಅಂಗಡಿಯಿಂದ ಪ್ಯಾಡು ತಂದಳು. ಅಪ್ಪನಿಗೆ, ಅಜ್ಜಿಗೆ ಕಾಣುವಂತೆ ಕಪಾಟಿನಲ್ಲಿಟ್ಟು, ಬಳಸದ ಅವನ್ನೇ ಒಂದೊಂದಾಗಿ ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿದಳು. ಸುತ್ತುವಾಗ ಅವಳ ತುಟಿ ಅಲುಗುತ್ತಿತ್ತು. ಅವಳು ಕೆಟ್ಟವಳಲ್ಲ. ಹೆದರಿಕೊಂಡವಳು. ಆ ಹೆದರಿಕೆಯಲ್ಲಿ ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಹದಿನೆಂಟಕ್ಕೆ ಕೊನೆಗೂ ಯಾರಿಗೂ ಹೇಳದೆ ಸರಸ್ವತಿಪುರಂನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಸ್ಕ್ಯಾನಿಂಗ್ ಆಯಿತು, ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ಎರಡನೆಯ ಸಲ ಹೋದಾಗ ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಅಮ್ಮನೊಬ್ಬಳನ್ನೇ ಒಳಗೆ ಕರೆದರು. ಹೊರಬಂದ ಅಮ್ಮನ ಕೈಯಲ್ಲೊಂದು ಫೈಲಿತ್ತು. "ಏನಂತೆ?" ಎಂದೆ. "ಏನೂ ಇಲ್ಲ, ರಕ್ತ ಕಮ್ಮಿ," ಎಂದಳು. ಸಿಟಿ ಬಸ್ಸಿನಲ್ಲಿ ಮನೆ ತಲುಪುವವರೆಗೂ ಆ ಫೈಲನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದಳು. ಆಮೇಲೆ ಅದು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಸೇರಿತು.

ಬಿ.ಕಾಂ. ಮುಗಿದ ವರ್ಷ ಅತ್ತೆ ಒಂದು ಗಂಡು ತಂದಳು. ಬಟ್ಟೆ ವ್ಯಾಪಾರದ ಮನೆತನ, ಮೃದುವಾಗಿ ಮಾತಾಡುವ ಹುಡುಗ. ಎಲ್ಲರೂ ಒಪ್ಪಿದರು. ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ನನಗೆ ತಿಳಿದಿದ್ದು ಇಷ್ಟೇ: ಇಪ್ಪತ್ತೊಂದಾದರೂ ನನಗೆ ಮುಟ್ಟಾಗಿಲ್ಲ, ಅದಕ್ಕೇನೋ ಕಾರಣವಿದೆ, ಅದು ಅಮ್ಮನಿಗೆ ಗೊತ್ತು. ಒಂದು ಮಧ್ಯಾಹ್ನ 'ಕರಿಬೇವು ತರ್ತೀನಿ' ಎಂದು ಹೇಳಿ ಹೊರಟೆ. ಅಮ್ಮ ನನ್ನ ಮುಖ ನೋಡಲಿಲ್ಲ.

ಸಿಸ್ಟರಮ್ಮ ಅಕ್ಕಿ ಆರಿಸುತ್ತಿದ್ದರು. ಎಲ್ಲವನ್ನೂ ಕೇಳಿ ಮೊರ ಪಕ್ಕಕ್ಕಿಟ್ಟರು. "ಫೈಲ್ ತಗೊಂಬಾ. ಅದು ನಿಂದು. ನಿನ್ನ ಮೈದು."

ಅಮ್ಮ ಮಠಕ್ಕೆ ಹೋದ ದಿನ ತೆಗೆದುಕೊಂಡು ಹೋಗಿ ಕೊಟ್ಟೆ. ಅವರು ಕನ್ನಡಕ ಹಾಕಿ, ಸಾಲಿನ ಕೆಳಗೆ ಬೆರಳಿಟ್ಟು, ತುಂಬಾ ಹೊತ್ತು ಓದಿದರು. ಆಮೇಲೆ, "ಇದ್ರಲ್ಲಿ ಅರ್ಧ ನಂಗೂ ಗೊತ್ತಾಗ್ಲಿಲ್ಲ ಕಣಮ್ಮ. ಗೊತ್ತಾಗ್ದೆ ಬಾಯಿ ಬುಡಲ್ಲ. ನಾಡಿದ್ದು ಬಾ," ಎಂದರು. ತಮ್ಮ ಪರಿಚಯದ ಹಿರಿಯ ಲೇಡಿ ಡಾಕ್ಟರ ಹತ್ತಿರ ಹೋಗಿ, ನನ್ನ ಹೆಸರು ಹೇಳದೆ, ಕೇಳಿಕೊಂಡು ಬಂದರು. ಎರಡು ದಿನ ಬಿಟ್ಟು ಹೋದಾಗ ಅವರ ಕೈಯಲ್ಲಿ ಬರೆದುಕೊಂಡ ಚೀಟಿ ಇತ್ತು. ಬಸುರಿಯರಿಗೆ ತೋರಿಸುವ ದೇಹದ ಚಿತ್ರಪಟವನ್ನು ನೆಲದ ಮೇಲೆ ಹಾಸಿದ್ದರು.

"ನಿಂಗೆ ಗರ್ಭಕೋಶ ಇಲ್ಲ ಮಗ. ಹುಟ್ಟಿದಾಗ್ಲಿಂದ್ಲೂ ಇಲ್ಲ. ಮುಟ್ಟು ಯಾವತ್ತೂ ಆಗಲ್ಲ, ಬಸುರೂ ಆಗಲ್ಲ." ಚೀಟಿಯನ್ನು ಮತ್ತೊಮ್ಮೆ ನೋಡಿ ಮುಂದುವರಿಸಿದರು. "ಇನ್ನೂ ಐತೆ. ಈಗ್ಲೇ ಹೇಳ್ಲಾ, ಸುಧಾರಿಸ್ಕೊತೀಯಾ?"

"ಹೇಳಿ."

"ಎಲ್ರ ಮೈಯೊಳಗೂ ವರ್ಣತಂತು ಅಂತ ಇರ್ತವೆ. ಹೆಂಗಸ್ರಲ್ಲಿ ಸಾಮಾನ್ಯವಾಗಿ ಎಕ್ಸ್ ಎಕ್ಸ್, ಗಂಡಸ್ರಲ್ಲಿ ಎಕ್ಸ್ ವೈ. ನಿಂದು ಎಕ್ಸ್ ವೈ. ಒಳಗೆ ಅಂಡಾಶಯ ಇರೋ ಕಡೆ ನಿಂಗೆ ವೃಷಣ ಅವೆ. ಅವು ಮಾಡೋ ಗಂಡು ಹಾರ್ಮೋನು ನಿನ್ನ ಮೈಗೆ ನಾಟಲ್ಲ. ಅದಕ್ಕೇ ಮೈ ಹುಡುಗಿ ಮೈಯಾಗೇ ಬೆಳೀತು. ನಿನ್ನಂಗೆ ಇನ್ನೂ ಎಷ್ಟೋ ಜನ ಅವ್ರೆ. ಗೊತ್ತಿಲ್ದೆ ಬಾಳಿ ಸತ್ತೋರೂ ಅವ್ರೆ."

ಹೊರಗೆ ಯಾರದೋ ಕುಕ್ಕರ್ ಕೂಗಿತು. ನಾನು ಕೇಳಿದೆ, "ಹಾಗಾದ್ರೆ ನಾನು ಗಂಡಸಾ?"

"ನಿಂಗೇನು ಅನ್ಸತ್ತೆ?"

"ಹುಡುಗಿ ಅಂತ್ಲೇ ಅನ್ಸೋದು. ಯಾವಾಗ್ಲೂ."

"ಅಂಗಾದ್ರೆ ಹುಡುಗೀನೇ. ಅದನ್ನ ನನ್ನತ್ರ ಆಗ್ಲಿ ಡಾಕ್ಟ್ರತ್ರ ಆಗ್ಲಿ ಕೇಳ್ಕೊಂಡು ಬರ್ಬೇಕಾಗಿಲ್ಲ ಬುಡು."

ನಾನು ಅಳಲಿಲ್ಲ. ಅವರು ನೀರು ಕೊಟ್ಟು, ಒಳಗಿನ ಆ ಗ್ರಂಥಿಗಳಲ್ಲಿ ಮುಂದೆ ಗಡ್ಡೆ ಬೆಳೆಯಬಹುದು, ಅದನ್ನು ಪರೀಕ್ಷೆ ಮಾಡಿಸುತ್ತಾ ಇರಲೇಬೇಕು ಎಂದು ಹೇಳಿ, ಯಾವ ವಿಭಾಗಕ್ಕೆ ಹೋಗಬೇಕು ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟರು. ಆಮೇಲೆ ಮದುವೆಯ ಮಾತಿಗೆ ಬಂದರು. "ಹುಡುಗನಿಗೆ ಹೇಳೋದು ಬುಡೋದು ನಿನ್ನಿಷ್ಟ. ನಾನು ಹೇಳಲ್ಲ. ಆದ್ರೆ ಅರ್ಧ ಹೇಳ್ಬೇಡ. ಅರ್ಧ ಹೇಳಿದ್ರೆ ಏನಾಗ್ತದೆ ಅಂತ ನಂಗೆ ಗೊತ್ತು." ಎಡಗಿವಿಯನ್ನು ಮುಟ್ಟಿಕೊಂಡರು.

ಆ ಕಥೆಯನ್ನು ಅವರು ಹೇಳಿದ್ದು ಅಂದೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಷ್ಟು ಜನಕ್ಕೆ ಸಂತಾನಹರಣ ಆಪರೇಷನ್ ಮಾಡಿಸಲೇಬೇಕು ಎಂದು ಗುರಿ ಇರುತ್ತಿತ್ತಂತೆ. ಎರಡು ಮಕ್ಕಳ ಒಬ್ಬ ತಾಯಿಯ ಮನೆಗೆ ನಾಲ್ಕು ಸಲ ಹೋದರು. ಅವಳು ಕೇಳಿದಳು, "ಮುಂದೆ ಮಕ್ಳು ಬೇಕಾದ್ರೆ?" ಇವರು, "ಅದಕ್ಕೇನು, ಮತ್ತೆ ಜೋಡಿಸ್ತಾರೆ," ಎಂದುಬಿಟ್ಟರು. ಜೋಡಿಸಿದರೂ ಎಲ್ಲರಿಗೂ ಫಲ ಕೊಡುವುದಿಲ್ಲ ಎಂಬ ಉಳಿದರ್ಧ ಇವರಿಗೆ ಗೊತ್ತಿತ್ತು. ಹೇಳಲಿಲ್ಲ. ಎರಡು ವರ್ಷಕ್ಕೆ ಊರಿಗೆ ಕಾಯಿಲೆ ಬಂದು ಒಂದೇ ವಾರದಲ್ಲಿ ಎರಡೂ ಮಕ್ಕಳು ಹೋದವು. ಮತ್ತೆ ಆಪರೇಷನ್ ಮಾಡಿದರು, ಬಸುರು ನಿಲ್ಲಲಿಲ್ಲ. ಗಂಡ ಇನ್ನೊಬ್ಬಳನ್ನು ತಂದ. ಇವಳನ್ನು ತವರಿಗೆ ಕಳಿಸಿದ ದಿನ ಇವಳ ತಾಯಿ ಆರೋಗ್ಯ ಕೇಂದ್ರದ ಮುಂದೆ ಎಲ್ಲರೆದುರು ಸಿಸ್ಟರಮ್ಮನ ಓಲೆಗೆ ಕೈಹಾಕಿ ಎಳೆದಳು.

"ಡಾಕ್ಟ್ರು ಹೊಲಿತೀನಿ ಅಂದ್ರು. ಬ್ಯಾಡ ಅಂದೆ," ಎಂದರು. "ಆಪರೇಷನ್ ತಪ್ಪಲ್ಲ ಮಗ. ಈಗ್ಲೂ ಮಾಡಿಸ್ಕೊಳಿ ಅಂತೀನಿ. ಆದ್ರೆ ಈಗ ಪೂರ್ತಿ ಹೇಳ್ತೀನಿ. ಕೇಳಿ ಕೆಲವ್ರು ಎದ್ದೋಗ್ತಾರೆ. ಹೋಗ್ಲಿ."

ವರ್ಷಕ್ಕೊಮ್ಮೆ ಅವರು ಆ ಹೆಂಗಸಿನ ತವರೂರಿಗೆ ಹೋಗುತ್ತಿದ್ದರು. ಅವಳು ಒಂದು ಸಲವೂ ಹೊರಗೆ ಬಂದು ಮಾತಾಡಿಸಲಿಲ್ಲವಂತೆ. ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತಿದ್ದರಂತೆ.

ನಾನು ಹುಡುಗನಿಗೆ ಪೂರ್ತಿ ಹೇಳಿದೆ. ಸರಸ್ವತಿಪುರಂನ ಒಂದು ಹೋಟೆಲಿನಲ್ಲಿ, ಮಧ್ಯಾಹ್ನದ ಗದ್ದಲದ ನಡುವೆ. ಅವನು ತಟ್ಟೆಯನ್ನು ಮುಂದಕ್ಕೆ ಸರಿಸಿ ಕೇಳುತ್ತಾ ಕೂತ. ಕೊನೆಗೆ, "ನೀವೇ ಹೇಳಿದ್ರಿ ಅಂತ ಯಾರಿಗೂ ಹೇಳಲ್ಲ. ಆದ್ರೆ ನನ್ನ ಕೈಲಿ ಆಗಲ್ಲ, ಕ್ಷಮಿಸಿ," ಎಂದು ಎದ್ದುಹೋದ. ಮಾತಿಗೆ ತಪ್ಪಲಿಲ್ಲ. ಮೂರನೆಯ ದಿನ ಅವನ ತಾಯಿ ಬಂದು, "ನಮಗೆ ವಿಷಯ ಗೊತ್ತಾಗಿದೆ. ಯಾರು ಹೇಳಿದ್ರು ಅಂತ ಕೇಳ್ಬೇಡಿ," ಎಂದು ತಾಂಬೂಲದ ತಟ್ಟೆ ವಾಪಸ್ಸು ಇಟ್ಟು ಹೋದರು. ಅತ್ತೆ ನಮ್ಮ ನಡುಮನೆಯಲ್ಲಿ ನಿಂತು, ನಾನು ಅಲ್ಲಿರುವಾಗಲೇ, "ಗಂಡೋ ಹೆಣ್ಣೋ ಗೊತ್ತಿಲ್ದಿರೋದನ್ನ ನನ್ನ ಕೈಲಿ ಮಾರೋಕೆ ಹೊರಟಿದ್ರಾ?" ಎಂದು ಅಮ್ಮನನ್ನು ಕೇಳಿದಳು.

ಅಪ್ಪನಿಗೆ ವಿಷಯ ಗೊತ್ತಾದದ್ದೇ ಆಗ. ಸೀರೆಗಳ ಮಡಿಕೆ ಕೆಟ್ಟಿದ್ದನ್ನು ಅಮ್ಮ ಕಂಡಿದ್ದಳು. ಫೈಲು ಯಾರಿಗೆ ತೋರಿಸಿದೆ ಎಂದು ಅಪ್ಪ ಕೇಳಿದರು. "ಸಿಸ್ಟರಮ್ಮನಿಗೆ," ಎಂದೆ. ಅಷ್ಟನ್ನು ಹೇಳಿದೆ. ಹುಡುಗನಿಗೆ ಹೇಳಿದವಳು ನಾನು ಎಂಬುದನ್ನು ಹೇಳಲಿಲ್ಲ. ಅಪ್ಪನ ಮುಖ ಆ ದಿನ ಇದ್ದ ರೀತಿಗೆ ನನಗೆ ಬಾಯಿ ಬರಲಿಲ್ಲ.

ಅಪ್ಪ ಸಿಸ್ಟರಮ್ಮನ ಇಲಾಖೆಗೆ ದೂರು ಬರೆದರು. ಮನೆಯ ಗುಟ್ಟನ್ನು ಗಂಡಿನ ಕಡೆಯವರಿಗೆ ಮುಟ್ಟಿಸಿ ಮಗಳ ಮದುವೆ ಮುರಿದರು ಎಂದು. ಅಧಿಕಾರಿಯೊಬ್ಬರು ವಿಚಾರಣೆಗೆ ನಮ್ಮ ಮನೆಗೇ ಬಂದರು. ನನ್ನನ್ನು ಕರೆದು ಕೂರಿಸಿ ಕೇಳಿದರು, "ಗಂಡಿನ ಕಡೆಯವರಿಗೆ ಹೇಳಿದ್ದು ಯಾರಮ್ಮಾ?"

"ಇನ್ಯಾರು ಸಾರ್, ಅವರೇ," ಎಂದರು ಅಪ್ಪ.

"ನೀನು ಹೇಳಮ್ಮಾ."

ನಾನು ನೆಲ ನೋಡುತ್ತಾ ಕೂತಿದ್ದೆ. ಒಂದು ಮಾತು ಸಾಕಿತ್ತು. ಅಧಿಕಾರಿ ಸ್ವಲ್ಪ ಹೊತ್ತು ಕಾದು, ಹಾಳೆಯಲ್ಲಿ ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿದರು: "ಹುಡುಗಿ ನಿರಾಕರಿಸಲಿಲ್ಲ." ನಾನು ರುಜು ಹಾಕಿದೆ.

ಸಿಸ್ಟರಮ್ಮ ಕೊಟ್ಟ ಉತ್ತರ ಎರಡೇ ಸಾಲಿನದಂತೆ. "ಆ ಹುಡುಗಿ ವಯಸ್ಸಿಗೆ ಬಂದವಳು, ಅವಳ ಮೈಯ ವಿಷಯ ಅವಳಿಗೆ ಹೇಳಿದ್ದೇನೆ. ಬೇರೆ ಯಾರಿಗೂ ಹೇಳಿಲ್ಲ." ಹುಡುಗನಿಗೆ ಹೇಳಿದವಳು ನಾನೇ ಎಂದು ಅವರು ಬಾಯಿಬಿಡಲಿಲ್ಲ. ನಿವೃತ್ತಿಗೆ ಎರಡು ವರ್ಷವಿರುವಾಗ, ಸಕ್ಕರೆ ಕಾಯಿಲೆಯ ಕಾಲುಗಳಲ್ಲಿ, ಕಾಡಂಚಿನ ಒಂದು ಉಪಕೇಂದ್ರಕ್ಕೆ ಅವರಿಗೆ ವರ್ಗವಾಯಿತು. ಸಾಮಾನು ಸಾಗಿಸಲು ಲಗೇಜ್ ಆಟೋ ಬಂದಾಗ ಬೀದಿಯ ಯಾವ ಹೆಂಗಸೂ ಹೊರಗೆ ಬರಲಿಲ್ಲ. ನಾನೂ ಕಿಟಕಿಯಿಂದ ನೋಡಿದೆ. ಅವರು ಬುದ್ಧನ ಪಟವನ್ನು ಮಡಿಲಲ್ಲಿಟ್ಟುಕೊಂಡು ಡ್ರೈವರ್ ಪಕ್ಕ ಕೂತು ಹೊರಟರು.

ಅವರು ಬರೆದುಕೊಟ್ಟ ಚೀಟಿ ನನ್ನ ಹತ್ತಿರ ಉಳಿದಿತ್ತು. ಒಂದೂವರೆ ವರ್ಷದ ನಂತರ, ಟ್ಯುಟೋರಿಯಲ್‌ನಲ್ಲಿ ಪಾಠ ಮಾಡುವ ಕೆಲಸ ಹಿಡಿದ ಮೇಲೆ, ಆ ಚೀಟಿಯಲ್ಲಿದ್ದ ವಿಭಾಗಕ್ಕೆ ನಾನಾಗಿಯೇ ಹೋದೆ. ಡಾಕ್ಟರು ನೋಡಿ, ಆ ಗ್ರಂಥಿಗಳನ್ನು ತೆಗೆಯುವುದೇ ಒಳ್ಳೆಯದು ಎಂದರು. ಆಪರೇಷನ್ ಆದ ಮೇಲೆ ಬಂದ ವರದಿಯ ಪ್ರಕಾರ ಒಂದು ಕಡೆಯ ಜೀವಕೋಶಗಳು ಆಗಲೇ ಕೆಡಲು ಶುರುವಾಗಿದ್ದವು. "ಸರಿಯಾದ ಸಮಯಕ್ಕೆ ಬಂದಿದ್ದೀರಿ," ಎಂದರು.

ನಾಲ್ಕನೆಯ ದಿನ ವಾರ್ಡಿನ ಬಾಗಿಲಲ್ಲಿ ಸಿಸ್ಟರಮ್ಮ ನಿಂತಿದ್ದರು. ಯಾರೋ ಹಳೆಯ ಸಹೋದ್ಯೋಗಿ ತಿಳಿಸಿದ್ದರಂತೆ. ಬೆಳಗಿನ ಮೊದಲ ಬಸ್ಸಿಗೆ ಹೊರಟು ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಒಂದು ಕಾಲಿಗೆ ಬ್ಯಾಂಡೇಜಿತ್ತು, ಹೆಬ್ಬೆರಳು ತೆಗೆದಿದ್ದರು. ಅಮ್ಮ ಅವರನ್ನು ನೋಡಿದಳು. ತಾನು ಕೂತಿದ್ದ ಸ್ಟೂಲಿನಿಂದ ಎದ್ದು, ಅದನ್ನು ಅವರ ಕಡೆ ತಳ್ಳಿ, ಫ್ಲಾಸ್ಕು ತೆಗೆದುಕೊಂಡು ಹೊರಗೆ ಹೋದಳು. ಅಮ್ಮ ಅವರಲ್ಲಿ ಕೇಳಿದ ಕ್ಷಮೆ ಅದೊಂದೇ.

ನಾನು ಹೇಳಿದೆ, "ಅವತ್ತು ಆ ಅಧಿಕಾರಿ ಕೇಳಿದಾಗ ನಾನು ಸುಮ್ಮನಿದ್ದೆ."

"ಗೊತ್ತು."

"ನನ್ನಿಂದ ನಿಮಗೆ..."

"ಹೂಂ, ನಿನ್ನಿಂದ್ಲೇ," ಎಂದರು. ಸಮಾಧಾನದ ಮಾತು ಬರಬಹುದೆಂದು ಕಾದಿದ್ದೆ. ಬರಲಿಲ್ಲ. ಅವರು ಹೊದಿಕೆ ಸರಿಮಾಡಿ, ಹೊಲಿಗೆಯ ಜಾಗ ಒಣಗಿದೆಯೇ ಎಂದು ನೋಡಿ, ಇನ್ನು ಮುಂದೆ ದಿನವೂ ತೆಗೆದುಕೊಳ್ಳಬೇಕಾದ ಹಾರ್ಮೋನು ಮಾತ್ರೆಯನ್ನು ನಿಲ್ಲಿಸಿದರೆ ಮೂಳೆ ಸವೆಯುತ್ತದೆ ಎಂದು ಎರಡು ಸಲ ಹೇಳಿದರು. ಏಳುವಾಗ ಮಾತ್ರ ನನ್ನ ತಲೆಯ ಮೇಲೆ ಕೈಯಿಟ್ಟರು. "ಇನ್ನೊಬ್ರ ವಿಷ್ಯದಲ್ಲಿ ಅಂಗೆ ಸುಮ್ನಿರ್ಬೇಡ," ಎಂದರು. ಕುಂಟುತ್ತಾ ವಾರ್ಡು ದಾಟಿ ಹೋದರು.

ನಿವೃತ್ತಿಯಾದ ಮೇಲೆ ಅವರು ಬದುಕಿದ್ದು ಹನ್ನೊಂದು ತಿಂಗಳು. ಮೂತ್ರಪಿಂಡ ಸೋತಿತ್ತು. ಹೂಟಗಳ್ಳಿಯಿಂದ ಸ್ವಲ್ಪ ದೂರದಲ್ಲೇ ತಮ್ಮನ ಮನೆಯಲ್ಲಿದ್ದರು. ನಾನು ಭಾನುವಾರಗಳಲ್ಲಿ ಹೋಗುತ್ತಿದ್ದೆ. ಕೊನೆಕೊನೆಗೆ ಗುರುತು ಹಿಡಿಯುತ್ತಿರಲಿಲ್ಲ. ಒಮ್ಮೆ ನನ್ನನ್ನು, ಮಕ್ಕಳನ್ನು ಕಳಕೊಂಡು ತವರು ಸೇರಿದ್ದ ಆ ಹೆಂಗಸು ಎಂದುಕೊಂಡು ಕೈ ಹಿಡಿದು, "ಬಂದ್ಯಾ, ಬಂದ್ಯಾ," ಎಂದು ಅತ್ತರು. ಅಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಆ ವಾರವೇ ತೀರಿಕೊಂಡರು.

ಮಣ್ಣಿಗೆ ಅಷ್ಟು ಹೆಂಗಸರು ಬರುತ್ತಾರೆಂದು ಅವರ ತಮ್ಮ ಎಣಿಸಿರಲಿಲ್ಲ. ಆಟೋಗಳಲ್ಲಿ, ಸಿಟಿ ಬಸ್ಸಿನಲ್ಲಿ, ನಡೆದುಕೊಂಡು ಬಂದಿದ್ದರು. ದೂರ ದೂರ ನಿಂತಿದ್ದರು. ಆತ ಕೈಮುಗಿಯುತ್ತಾ, "ನೀವು ಅಕ್ಕನಿಗೆ ಎಂಗೆ ಪರಿಚಯ?" ಎಂದು ಒಬ್ಬೊಬ್ಬರನ್ನೇ ಕೇಳಿದರು. "ಪಕ್ಕದ ಬೀದಿ," ಎಂದರು ಒಬ್ಬರು. "ಹಿಂಗೇ ಗೊತ್ತು," ಎಂದರು ಇನ್ನೊಬ್ಬರು. ನನ್ನ ಸರದಿ ಬಂದಾಗ, "ನನ್ನ ಮೈ ಏನು ಅಂತ ನನಗೆ ಹೇಳಿದವರು ಅವರು. ಅವರಿಗೆ ವರ್ಗ ಆಗಿದ್ದು ನನ್ನಿಂದ," ಎಂದೆ. ಸುತ್ತ ನಿಂತವರು ತಿರುಗಿ ನೋಡಿದರು. ಆತ, "ಅಕ್ಕ ಯಾವತ್ತೂ ಹೇಳ್ಲಿಲ್ಲ," ಎಂದರು. ಮಣ್ಣು ಹಾಕಲು ದಾರಿ ಬಿಟ್ಟರು.

ಅದಾದ ಮೇಲೆ ನಾನು ಒಂದು ಹಾಳೆ ಬರೆದೆ. ಗಂಡಿನ ಕಡೆಯವರಿಗೆ ಹೇಳಿದ್ದು ನಾನೇ, ಸಿಸ್ಟರಮ್ಮ ಯಾರಿಗೂ ಹೇಳಿಲ್ಲ, ವಿಚಾರಣೆಯ ದಿನ ನಾನು ಸುಮ್ಮನಿದ್ದು ತಪ್ಪು ಮಾಡಿದೆ ಎಂದು. ಅಪ್ಪನಿಗೆ ಓದಿ ಹೇಳಿದೆ. ಅವರು ಟಿವಿಯ ಕಡೆಗೇ ನೋಡುತ್ತಿದ್ದರು. ಹಾಳೆಯನ್ನು ಸಿಸ್ಟರಮ್ಮನ ಇಲಾಖೆಯ ಕಚೇರಿಗೆ ತೆಗೆದುಕೊಂಡು ಹೋದೆ. ಗುಮಾಸ್ತರು ಪೂರ್ತಿ ಓದಿ, ಕನ್ನಡಕದ ಮೇಲಿಂದ ನೋಡಿದರು.

"ಅವರು ತೀರ್ಕೊಂಡಿದ್ದಾರಲ್ಲ ಮೇಡಂ. ಈಗ ಇದ್ಯಾಕೆ?"

"ಅವರ ಫೈಲಿಗೆ ಸೇರಿಸಿ," ಎಂದೆ.

ಅವರು ಸೀಲು ಒತ್ತಿ, ಹಳೆಯ ಫೈಲೊಂದನ್ನು ಹುಡುಕಿ ತೆಗೆದು, ಕೊನೆಯ ಹಾಳೆಯ ಹಿಂದೆ ಟ್ಯಾಗು ದಾರಕ್ಕೆ ಪೋಣಿಸಿದರು. ಅದಕ್ಕೆ ಮೊದಲಿನ ಹಾಳೆಯಲ್ಲಿ ನಾನು ಇಪ್ಪತ್ತೊಂದರಲ್ಲಿ ಹಾಕಿದ ರುಜು ಕಾಣುತ್ತಿತ್ತು.